ಬಿಲ್ ಓದಲು ಕಲಿತ ಮೇಲೆ ಕೆಲಸ ಸಿಕ್ಕಿತು

ಬಿ.ಕಾಂ. ಮುಗಿಸಿ ಐದು ತಿಂಗಳು ಮನೆಯಲ್ಲೇ ಇದ್ದೆ. ದಿನಾ ಮೊಬೈಲಿನಲ್ಲಿ ಅರ್ಜಿ ಹಾಕುವುದು, ಕಾಯುವುದು. ಫೋನ್ ಮಾಡಿದವರೆಲ್ಲ ಕೇಳಿದ್ದು ಒಂದೇ: ‘ಎಕ್ಸ್‌ಪೀರಿಯನ್ಸ್ ಇದೆಯಾ?’ ಒಂದು ಏಜೆನ್ಸಿಯವರು ಮೂರು ಸಾವಿರ ಕಟ್ಟಿದರೆ ಕೆಲಸ ಗ್ಯಾರಂಟಿ ಅಂದರು. ಅಪ್ಪ ಕಟ್ಟಿದರು. ಆಮೇಲೆ ಅವರು ಫೋನೇ ಎತ್ತಲಿಲ್ಲ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಕೆಲಸ ಕೊಡಿಸುತ್ತೇವೆ ಅಂತ ದುಡ್ಡು ಕೇಳಿದರೆ ದಯವಿಟ್ಟು ಕೊಡಬೇಡಿ.

ಕೊನೆಗೆ ದಾವಣಗೆರೆಯಲ್ಲೇ ಒಂದು ಟ್ಯಾಕ್ಸ್ ಕನ್ಸಲ್ಟೆಂಟ್ ಆಫೀಸಿಗೆ ನಾನೇ ಹೋಗಿ ಕೇಳಿದೆ.

‘ಟ್ಯಾಲಿ ಬರುತ್ತೇನಮ್ಮ?’ ಅಂದರು ಅಲ್ಲಿನ ಸರ್. ಲೆಕ್ಕ ಬರೆಯುವ ಸಾಫ್ಟ್‌ವೇರ್ ಅದು.

‘ಕಾಲೇಜಲ್ಲಿ ಕಲಿತಷ್ಟು ಬರುತ್ತೆ ಸರ್.’

ತಿಂಗಳಿಗೆ 6,000 ಅಂದರು. ಒಪ್ಪಿಕೊಂಡೆ.

ಅಂಗಡಿಯವರು ಕ್ಯಾರಿಬ್ಯಾಗ್ ತುಂಬ ಬಿಲ್ ತರುತ್ತಿದ್ದರು. ತಿಂಗಳಿಗೊಮ್ಮೆ ಜಿಎಸ್‌ಟಿ ರಿಟರ್ನ್ ಹಾಕುವವರದು ಮುಂದಿನ ತಿಂಗಳ 11ರೊಳಗೆ ಜಿಎಸ್‌ಟಿಆರ್-1 (ಮಾರಾಟದ ಲೆಕ್ಕ), 20ರೊಳಗೆ 3ಬಿ (ತೆರಿಗೆ ಕಟ್ಟುವ ರಿಟರ್ನ್) ಮುಗಿಯಬೇಕು. ನಡುವೆ 14ಕ್ಕೆ ಜಿಎಸ್‌ಟಿ ಪೋರ್ಟಲ್‌ನಲ್ಲಿ 2ಬಿ ಅನ್ನೋ ಪಟ್ಟಿ ಬರುತ್ತದೆ. ನಮಗೆ ಮಾಲು ಕೊಟ್ಟವರು ತೋರಿಸಿದ ಬಿಲ್‌ಗಳೆಲ್ಲ ಅದರಲ್ಲಿರುತ್ತವೆ. ಅದನ್ನು ನಮ್ಮ ಖರೀದಿ ಲೆಕ್ಕದ ಜೊತೆ ತಾಳೆ ನೋಡಬೇಕು. ಅದರಲ್ಲಿಲ್ಲದ ಬಿಲ್‌ಗೆ ಇನ್‌ಪುಟ್, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯ ಕಡಿತ, ಸಿಗುವುದಿಲ್ಲ, ಅಂಗಡಿಯವರು ಆ ತೆರಿಗೆಯನ್ನು ಕೈಯಿಂದ ಕಟ್ಟಬೇಕಾಗುತ್ತದೆ. ಹಾಗಾಗಿ ಮಾಲು ಕೊಟ್ಟವರಿಗೆ ಫೋನ್ ಮಾಡಿ ‘ಬಿಲ್ ಅಪ್‌ಲೋಡ್ ಮಾಡಿ ಸರ್’ ಅಂತ ಬೆನ್ನು ಹತ್ತುವುದೂ ನನ್ನ ಕೆಲಸವೇ. ಮೊದಮೊದಲು ದನಿಯೇ ಹೊರಡುತ್ತಿರಲಿಲ್ಲ. ಮೂರನೇ ತಿಂಗಳಿಗೆ ಸಲೀಸಾಯಿತು.

ಎಂಟು ತಿಂಗಳಾದ ಮೇಲೆ ರೆಸ್ಯೂಮೆ ಹೊಸದಾಗಿ ಬರೆದೆ. ‘ಕಷ್ಟಪಟ್ಟು ದುಡಿಯುವವಳು’ ಅನ್ನೋ ಸಾಲು ತೆಗೆದೆ. ‘22 ಅಂಗಡಿಗಳ ಖರೀದಿ ಲೆಕ್ಕವನ್ನು ಪ್ರತಿ ತಿಂಗಳು 2ಬಿ ಜೊತೆ ತಾಳೆ ನೋಡಿದ್ದೇನೆ’ ಅಂತ ಹಾಕಿದೆ. ಹದಿನೈದು ದಿನದಲ್ಲಿ ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಕಂಪನಿಯಿಂದ ಕರೆ ಬಂತು.

ಇಂಟರ್‌ವ್ಯೂನಲ್ಲಿ ಡಿಗ್ರಿ ಮಾರ್ಕ್ಸ್ ಯಾರೂ ಕೇಳಲಿಲ್ಲ. ಅಕೌಂಟ್ಸ್ ಮೇಡಂ ಒಂದು ಬಟ್ಟೆ ಬಿಲ್ ಮುಂದಿಟ್ಟು, ‘ಎಂಟ್ರಿ ಹೇಗೆ ಮಾಡ್ತೀರಾ?’ ಅಂದರು. ನನ್ನ ಕಣ್ಣು ಮೊದಲು ಹೋದದ್ದು ಜಿಎಸ್‌ಟಿ ನಂಬರಿಗೆ. ಕೊಟ್ಟವರದು 27ರಿಂದ ಶುರು, ಅಂದರೆ ಮಹಾರಾಷ್ಟ್ರ. ತೆಗೆದುಕೊಂಡವರದು 29, ನಮ್ಮ ಕರ್ನಾಟಕ. ಮಾಲು ಬಂದಿದ್ದೂ ಬೆಂಗಳೂರಿಗೇ. ಆದರೆ ಬಿಲ್‌ನಲ್ಲಿ ತೆರಿಗೆಯನ್ನು ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಅಂತ ಎರಡು ಭಾಗ ಮಾಡಿದ್ದರು. ಒಂದೇ ರಾಜ್ಯದೊಳಗಿನ ಮಾರಾಟಕ್ಕೆ ಹಾಗೆ ಮಾಡುವುದು, ಬೇರೆ ರಾಜ್ಯಕ್ಕೆ ಮಾರಿದರೆ ಐಜಿಎಸ್‌ಟಿ ಅಂತ ಒಂದೇ.

‘ಎಂಟ್ರಿ ಮಾಡಲ್ಲ ಮೇಡಂ. ಇದಕ್ಕೆ ಐಜಿಎಸ್‌ಟಿ ಹಾಕಬೇಕಿತ್ತು, ಬಿಲ್ ಸರಿ ಮಾಡಿ ಕಳಿಸಿ ಅಂತ ಕೇಳ್ತೀನಿ’ ಅಂದೆ.

ಅವರು ಬಿಲ್ ಮಡಚಿಟ್ಟು, ‘ಯಾವಾಗಿಂದ ಬರ್ತೀರಾ?’ ಅಂತ ಕೇಳಿದರು.