ತಾರಸಿಯ ಸೌರ ವಿದ್ಯುತ್ತು: ಲೆಕ್ಕ, ಅರ್ಜಿ, ಕಾವಲು ಎಲ್ಲ ಮೊಬೈಲಿನಲ್ಲೇ

ಹಳೆಯ ಕರೆಂಟ್ ಬಿಲ್ಲುಗಳಿಂದಲೇ ಕೆಲಸ ಶುರುವಾಗಬೇಕು. ಒಂದೆರಡಲ್ಲ, ಹಿಂದಿನ 12 ತಿಂಗಳಿನವು. ಕಾಗದ ಕಳೆದುಹೋಗಿದ್ದರೆ ವಿದ್ಯುತ್ ಕಂಪನಿಯ ಜಾಲತಾಣದಲ್ಲಿ ನಿಮ್ಮ ಖಾತೆ ತೆರೆದು ನೋಡಿ. ಬರೆದುಕೊಳ್ಳಬೇಕಾದ್ದು ರೂಪಾಯಿಯನ್ನಲ್ಲ, ಯೂನಿಟ್ಟನ್ನು. ದರ ವರ್ಷ ವರ್ಷ ಬದಲಾಗುತ್ತದೆ, ಮನೆಯ ಬಳಕೆ ಅಷ್ಟು ಬೇಗ ಬದಲಾಗುವುದಿಲ್ಲ.

ಕರ್ನಾಟಕದ ಬಿಸಿಲಿಗೆ 1 ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ 4 ಯೂನಿಟ್, ವರ್ಷಕ್ಕೆ 1,400ರಿಂದ 1,500 ಯೂನಿಟ್ ಕೊಡುತ್ತದೆ. ತಿಂಗಳಿಗೆ 320 ಯೂನಿಟ್ ಖರ್ಚಾಗುವ ಮನೆಗೆ ವರ್ಷಕ್ಕೆ ಬೇಕಾಗುವುದು 3,840. ಅಂದರೆ 3 ಕಿಲೋವ್ಯಾಟ್‌ನ ಒಳಗೇ ಮುಗಿಯಿತು. ಅದಕ್ಕಿಂತ ದೊಡ್ಡದು ಹಾಕಿಸಿ ಲಾಭ ಮಾಡೋಣ ಎಂದು ಹೊರಡಬೇಡಿ. ಮಿಕ್ಕಿದ ಯೂನಿಟ್ಟಿಗೆ ಕಂಪನಿ ಕೊಡುವ ದರ, ನೀವು ಅದಕ್ಕೆ ಕೊಡುವ ದರಕ್ಕಿಂತ ಕಡಿಮೆ. ಕೇಂದ್ರ ಸರ್ಕಾರದ ಸಬ್ಸಿಡಿ ಕೂಡ 3 ಕಿಲೋವ್ಯಾಟ್‌ಗೆ ನಿಂತುಹೋಗುತ್ತದೆ.

ಗೃಹಜ್ಯೋತಿಯಲ್ಲಿ ತಿಂಗಳು ತಿಂಗಳೂ ಸೊನ್ನೆ ಬಿಲ್ ಬರುತ್ತಿರುವ ಮನೆಯವರಿಗೆ ಉಳಿಸಲು ಹೆಚ್ಚೇನೂ ಇಲ್ಲ. ಅಂಥವರು ಸಾಲ ಮಾಡಿ ಸೋಲಾರ್ ಹಾಕಿಸುವ ಅವಸರ ಬೇಡ. ನಿಜವಾಗಿ ಅನುಕೂಲವಾಗುವುದು 200 ಯೂನಿಟ್ ಗಡಿ ದಾಟಿ ಪೂರ್ತಿ ಬಿಲ್ ಕಟ್ಟುವವರಿಗೆ.

ನೆರಳಿನ ಲೆಕ್ಕ

1 ಕಿಲೋವ್ಯಾಟ್‌ಗೆ ಸುಮಾರು 100 ಚದರಡಿ ಜಾಗ ಬೇಕು. ಆದರೆ ಜಾಗ ಇದ್ದರೆ ಸಾಲದು, ಆ ಜಾಗಕ್ಕೆ ಬೆಳಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ನೆರಳು ಬೀಳಬಾರದು. ಇಲ್ಲಿ ಹೆಚ್ಚಿನವರು ಎಡವುವುದು ಬೇಸಿಗೆಯಲ್ಲಿ ತಾರಸಿ ನೋಡಿ ತೀರ್ಮಾನ ಮಾಡುವುದರಿಂದ. ಡಿಸೆಂಬರ್ ಕೊನೆಗೆ ಸೂರ್ಯ ದಕ್ಷಿಣಕ್ಕೆ ಜಾರಿ ಕೆಳಗಿಳಿದಿರುತ್ತಾನೆ. ಬೆಂಗಳೂರಿನಲ್ಲಿ ಆ ದಿನಗಳಲ್ಲಿ ಬೆಳಗ್ಗೆ 9 ಗಂಟೆಗೆ 5 ಅಡಿ ಎತ್ತರದ ಸಿಂಟೆಕ್ಸ್ ಟ್ಯಾಂಕಿನ ನೆರಳು ಸುಮಾರು 9 ಅಡಿ ಚಾಚಿಕೊಳ್ಳುತ್ತದೆ. ಪಕ್ಕದ ಮನೆಯ ಮೆಟ್ಟಿಲ ಕೋಣೆ, ತೆಂಗಿನ ಮರ, ಡಿಶ್ ಆಂಟೆನಾ ಎಲ್ಲಕ್ಕೂ ಇದೇ ಪಾಡು. ಸೂರ್ಯನ ದಾರಿ ತೋರಿಸುವ ಉಚಿತ ಆ್ಯಪ್‌ಗಳಿವೆ. ಪ್ಯಾನೆಲ್ ಕೂರಿಸಬೇಕೆಂದಿರುವ ಜಾಗದಲ್ಲೇ ನಿಂತು ಮೊಬೈಲನ್ನು ಆಕಾಶಕ್ಕೆ ಹಿಡಿದು ದಿನಾಂಕವನ್ನು ಡಿಸೆಂಬರ್ 21ಕ್ಕೆ ಇಟ್ಟು ನೋಡಿ. ಸೂರ್ಯನ ಗೆರೆಗೆ ಟ್ಯಾಂಕು ಅಡ್ಡ ಬಂದರೆ, ಪ್ಯಾನೆಲ್‌ನ ಜಾಗ ಬದಲಿಸಿ ಇಲ್ಲವೇ ಟ್ಯಾಂಕನ್ನು ಉತ್ತರದ ಮೂಲೆಗೆ ಸರಿಸಿ.

ಒಂದು ಪ್ಯಾನೆಲ್ ಮೇಲಿನ ಅಂಗೈಯಗಲದ ನೆರಳು ಯಾಕೆ ಅಷ್ಟು ದೊಡ್ಡ ವಿಷಯ? ಪ್ಯಾನೆಲ್‌ಗಳು ಮಾಲೆಯಂತೆ ಒಂದಕ್ಕೊಂದು ಸರಣಿಯಲ್ಲಿ ಜೋಡಿಸಿರುತ್ತವೆ, ಎಲ್ಲದರಲ್ಲೂ ಹರಿಯುವ ಕರೆಂಟ್ ಒಂದೇ. ನೆರಳು ಬಿದ್ದ ಭಾಗ ಉಳಿದವುಗಳ ಜೊತೆ ಹೆಜ್ಜೆ ಹಾಕಲಾರದು. ಸಾಮಾನ್ಯವಾಗಿ ಒಂದು ಪ್ಯಾನೆಲ್‌ನಲ್ಲಿ ಮೂರು ಬೈಪಾಸ್ ಡಯೋಡ್‌ಗಳಿರುತ್ತವೆ. ಅವು ಆ ಭಾಗವನ್ನು ಬಿಟ್ಟು ಕರೆಂಟನ್ನು ಪಕ್ಕದಿಂದ ಹರಿಸುತ್ತವೆ, ಹಾಗಾಗಿ ಸಣ್ಣ ನೆರಳಿಗೂ ಪ್ಯಾನೆಲ್‌ನ ಮೂರನೇ ಒಂದು ಭಾಗ ಕೈಬಿಟ್ಟುಹೋಗುತ್ತದೆ.

ಇನ್ನು ಇಳುವರಿಯ ಅಂದಾಜು. ಪಿವಿವ್ಯಾಟ್ಸ್ ಎಂಬ ಉಚಿತ ಲೆಕ್ಕಯಂತ್ರ ಅಂತರ್ಜಾಲದಲ್ಲಿದೆ. ಊರಿನ ಹೆಸರು ಹಾಕಿ, ಸಾಮರ್ಥ್ಯ 3.3 ಕಿಲೋವ್ಯಾಟ್ (550 ವ್ಯಾಟ್‌ನ 6 ಪ್ಯಾನೆಲ್), ದಿಕ್ಕು 180 (ನೇರ ದಕ್ಷಿಣ), ಓರೆ ನಿಮ್ಮ ಊರಿನ ಅಕ್ಷಾಂಶದಷ್ಟು ಕೊಡಿ: ಬೆಂಗಳೂರಿಗೆ 13, ಕಲಬುರಗಿಗೆ 17 ಡಿಗ್ರಿ. ನಷ್ಟದ ಕಾಲಂನಲ್ಲಿ ತಾನಾಗಿಯೇ 14% ಎಂದು ತೋರಿಸುತ್ತದೆ. ಮನೆ ಮುಂದೆ ಮಣ್ಣು ರಸ್ತೆ ಇದ್ದರೆ 18 ಮಾಡಿ. ತಿಂಗಳುವಾರು ಯೂನಿಟ್‌ಗಳ ಪಟ್ಟಿ ಬರುತ್ತದೆ. ಅದನ್ನು ಪ್ರಿಂಟ್ ತೆಗೆದು ಮೀಟರ್ ಬೋರ್ಡಿನ ಒಳಬದಿಗೆ ಅಂಟಿಸಿಡಿ. ಮುಂದೆ ಬಹಳ ಬಾರಿ ಬೇಕಾಗುತ್ತದೆ.

ಅರ್ಜಿ

ಕೇಂದ್ರ ಸರ್ಕಾರದ ಪಿಎಂ ಸೂರ್ಯ ಘರ್ ಯೋಜನೆ 2024ರ ಫೆಬ್ರುವರಿಯಲ್ಲಿ ಬಂದಿತು. ಸಬ್ಸಿಡಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂ., ಮೂರನೆಯದಕ್ಕೆ 18,000 ರೂ. ಒಟ್ಟು 78,000 ರೂ. ದಾಟುವುದಿಲ್ಲ. ಅಪಾರ್ಟ್‌ಮೆಂಟ್ ಸಂಘಗಳಿಗೆ ಲಿಫ್ಟ್, ಪಂಪು, ದಾರಿದೀಪದಂಥ ಸಾಮೂಹಿಕ ಬಳಕೆಗೆ ಕಿಲೋವ್ಯಾಟ್‌ಗೆ 18,000 ರೂ.

ಅರ್ಜಿ ಹಾಕಬೇಕಾದ್ದು ಯೋಜನೆಯ ರಾಷ್ಟ್ರೀಯ ಪೋರ್ಟಲ್‌ನಲ್ಲಿ. ವಿಳಾಸದ ಕೊನೆಯಲ್ಲಿ 'ಗವ್ ಡಾಟ್ ಇನ್' ಇದೆಯೇ ಎಂದು ನೋಡಿಯೇ ಒಳಗೆ ಹೋಗಿ. 'ನೋಂದಣಿ ಶುಲ್ಕ' ಕೇಳುವ ವಾಟ್ಸ್ಆ್ಯಪ್ ಲಿಂಕುಗಳನ್ನು ಮುಟ್ಟಬೇಡಿ. ಮೊಬೈಲ್ ನಂಬರ್ ಮತ್ತು ಒಟಿಪಿಯಿಂದ ನೋಂದಾಯಿಸಿ, ರಾಜ್ಯ ಮತ್ತು ವಿದ್ಯುತ್ ಕಂಪನಿ ಆರಿಸಿ, ಬಿಲ್ಲಿನಲ್ಲಿರುವ ಗ್ರಾಹಕ ಸಂಖ್ಯೆ ತುಂಬಿ. ಬೆಸ್ಕಾಂ ಬಿಲ್ಲಿನಲ್ಲಿ ಆರ್‌ಆರ್ ನಂಬರ್ ಬೇರೆ, ಅಕೌಂಟ್ ಐಡಿ ಬೇರೆ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ವಿವರ ಸಿಗುವುದಿಲ್ಲ.

ಇಲ್ಲೊಂದು ಗಂಟು ಬಿಡಿಸಿಕೊಳ್ಳಬೇಕು. ನಮ್ಮಲ್ಲಿ ಎಷ್ಟೋ ಮನೆಗಳ ಮೀಟರ್ ಇನ್ನೂ ತೀರಿಕೊಂಡ ತಂದೆಯ ಅಥವಾ ಅಜ್ಜನ ಹೆಸರಿನಲ್ಲಿದೆ. ಬಿಲ್ಲಿನ ಹೆಸರು, ಅರ್ಜಿದಾರರ ಹೆಸರು, ಬ್ಯಾಂಕ್ ಖಾತೆಯ ಹೆಸರು ಮೂರೂ ಒಂದೇ ಆಗಿರದಿದ್ದರೆ ಸಬ್ಸಿಡಿ ಕೊನೆಯ ಹೆಜ್ಜೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಮೊದಲು ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿನಲ್ಲಿ ಹೆಸರು ಬದಲಾವಣೆ ಮುಗಿಸಿ, ಆಮೇಲೆ ಪೋರ್ಟಲ್ ತೆರೆಯಿರಿ.

10 ಕಿಲೋವ್ಯಾಟ್‌ವರೆಗಿನ ಸರಿಯಾದ ಅರ್ಜಿಗೆ ತಾಂತ್ರಿಕ ಪರಿಶೀಲನೆ ಬೇಕಿಲ್ಲ, ಅದು ಒಪ್ಪಿಗೆಯಾದಂತೆಯೇ ಲೆಕ್ಕ ಎಂದು 2024ರಲ್ಲಿ ತಿದ್ದುಪಡಿಯಾದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮ ಹೇಳುತ್ತದೆ. ಅಗತ್ಯವಿದ್ದರೆ ಮಂಜೂರಾದ ಲೋಡನ್ನು ಕಂಪನಿಯೇ ಏರಿಸಬೇಕು. 'ಲೋಡ್ ಸಾಲದು' ಎಂದು ಯಾರಾದರೂ ವಾಪಸ್ ಕಳಿಸಿದರೆ ಈ ನಿಯಮವನ್ನು ಕೇಳಿ. ಆದರೆ ಲೋಡ್ ಏರಿದರೆ ನಿಗದಿತ ಶುಲ್ಕವೂ ಏರುತ್ತದೆ ಎಂಬುದು ನೆನಪಿರಲಿ. ಆ ಶುಲ್ಕ ಸೋಲಾರ್ ಹಾಕಿಸಿದ ಮೇಲೂ ಬಿಲ್ಲಿನಲ್ಲಿ ಇದ್ದೇ ಇರುತ್ತದೆ.

ಮುಂದಿನದು ವೆಂಡರ್, ಅಂದರೆ ಸೋಲಾರ್ ಹಾಕಿಕೊಡುವವರ ಆಯ್ಕೆ. ಪೋರ್ಟಲ್‌ನಲ್ಲಿ ನೋಂದಾಯಿತರ ಪಟ್ಟಿ ಇದೆ, ಅದರ ಹೊರಗಿನವರಿಂದ ಹಾಕಿಸಿದರೆ ಸಬ್ಸಿಡಿ ಇಲ್ಲ. ಮೂವರಿಂದ ಕೊಟೇಶನ್ ತರಿಸಿ. ಕೊಟೇಶನ್‌ನಲ್ಲಿ 'ಡಿಸಿಆರ್' ಎಂದು ಬರೆದಿರಲೇಬೇಕು. ಸೆಲ್ಲು, ಪ್ಯಾನೆಲ್ ಎರಡೂ ಭಾರತದಲ್ಲೇ ತಯಾರಾದವು ಎಂದು ಅರ್ಥ. ಅಂಥವಕ್ಕೆ ಮಾತ್ರ ಸಬ್ಸಿಡಿ, ಬೆಲೆಯೂ ಸ್ವಲ್ಪ ಹೆಚ್ಚು. ತೀರಾ ಅಗ್ಗದ ಕೊಟೇಶನ್ ಬಂದಾಗ ಮೊದಲು ಅನುಮಾನಿಸಬೇಕಾದ್ದು ಇದನ್ನೇ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಗ್ರಿಯ ಜಿಎಸ್‌ಟಿ 12ರಿಂದ 5%ಗೆ ಇಳಿದಿದೆ. ಸಾಮಗ್ರಿ, ಕೂಲಿ ಸೇರಿದ ಒಟ್ಟು ಗುತ್ತಿಗೆಗೆ ಅದು 8.9% ಆಗುತ್ತದೆ. ಹಳೆಯ 13.8% ಹಾಕಿದ್ದರೆ ತಿದ್ದಿಸಿ. ವೆಂಡರ್‌ಗೆ ಪೂರ್ತಿ ಹಣ ನೀವೇ ಕೊಡಬೇಕು, ಸಬ್ಸಿಡಿ ಆಮೇಲೆ ನಿಮ್ಮ ಖಾತೆಗೆ ಬರುತ್ತದೆ. ಸಾಲ ಬೇಕಾದವರು ಜನಸಮರ್ಥ್ ಪೋರ್ಟಲ್‌ನಿಂದ ಬ್ಯಾಂಕಿಗೆ ಅರ್ಜಿ ಹಾಕಬಹುದು.

ಜೋಡಣೆಯ ದಿನ

550 ವ್ಯಾಟ್‌ನ 6 ಪ್ಯಾನೆಲ್ ಸೇರಿದರೆ 3.3 ಕಿಲೋವ್ಯಾಟ್. ಪ್ರತಿಯೊಂದೂ 27-28 ಕಿಲೋ ತೂಗುತ್ತದೆ. ಮೇಲೆ ಕೂರಿಸುವ ಮೊದಲೇ ಪ್ರತಿ ಪ್ಯಾನೆಲ್‌ನ ಸೀರಿಯಲ್ ನಂಬರಿನ ಫೋಟೋ ತೆಗೆದು ಡಿಸಿಆರ್ ಪ್ರಮಾಣಪತ್ರದ ಜೊತೆ ತಾಳೆ ನೋಡಿ. ಕೂರಿಸಿದ ಮೇಲೆ ಅಡಿಯಲ್ಲಿ ನುಸುಳಿ ಓದುವುದು ಕಷ್ಟ.

ಅರ್ಥಿಂಗ್ ಗುಂಡಿ ಮೂರು ಇರಬೇಕು: ಪ್ಯಾನೆಲ್‌ನ ಡಿಸಿ ಬದಿಗೊಂದು, ಮನೆಯ ಎಸಿ ಬದಿಗೊಂದು, ಸಿಡಿಲು ತಡೆಯ ಕಂಬಿಗೆ ಪ್ರತ್ಯೇಕವಾಗಿ ಒಂದು. ಖರ್ಚು ಉಳಿಸಲು ಮೂರನ್ನೂ ಒಂದೇ ಗುಂಡಿಗೆ ಇಳಿಸಿದರೆ, ನೆಲಕ್ಕೆ ಇಳಿಯಬೇಕಾದ ಸಿಡಿಲು ಇನ್ವರ್ಟರ್ (ಡಿಸಿಯನ್ನು ಎಸಿ ಮಾಡುವ ಪೆಟ್ಟಿಗೆ) ಒಳಗೆ ನುಗ್ಗಬಹುದು. ಪ್ಯಾನೆಲ್ ತಂತಿಗಳ ಎಂಸಿ4 ಕನೆಕ್ಟರ್‌ಗಳಲ್ಲಿ ಗಂಡು, ಹೆಣ್ಣು ಎರಡೂ ಒಂದೇ ಕಂಪನಿಯವಾಗಿರಲಿ. ಬೇರೆ ಬೇರೆಯವು ನೋಡಲು ಕೂಡಿಕೊಂಡಂತೆ ಕಂಡರೂ ಒಳಗೆ ಸಡಿಲವಾಗಿದ್ದು, ಕಾದು ಕರಗುತ್ತವೆ. ಸೋಲಾರ್‌ನಲ್ಲಿ ಬೆಂಕಿ ಹತ್ತಿಕೊಳ್ಳುವ ಜಾಗಗಳಲ್ಲಿ ಇದೂ ಒಂದು.

6 ಪ್ಯಾನೆಲ್‌ಗಳ ಸಾಲಿನಲ್ಲಿ ಸುಮಾರು 300 ವೋಲ್ಟ್ ಡಿಸಿ ಇರುತ್ತದೆ. ಬಿಸಿಲಿರುವಷ್ಟು ಹೊತ್ತೂ ಅದನ್ನು ಆರಿಸುವ ಉಪಾಯವಿಲ್ಲ. ಯಾವ ಕಾರಣಕ್ಕೂ ಕನೆಕ್ಟರ್ ಕೀಳಬೇಡಿ. ಸೋಲಾರ್ ನಿಲ್ಲಿಸಬೇಕಾದಾಗ ಮೊದಲು ಎಸಿ ಸ್ವಿಚ್ ಆಫ್, ಆಮೇಲೆ ಡಿಸಿ ಐಸೋಲೇಟರ್ (ಪ್ಯಾನೆಲ್ ಕಡೆಯ ಸ್ವಿಚ್) ಆಫ್. ಈ ಕ್ರಮವನ್ನು ಇನ್ವರ್ಟರ್ ಪಕ್ಕದ ಗೋಡೆಯ ಮೇಲೆ ಬರೆಸಿ.

ಕೆಲಸ ಮುಗಿದ ಮೇಲೆ ವೆಂಡರ್ ಫೋಟೋ, ವಿವರಗಳನ್ನು ಪೋರ್ಟಲ್‌ಗೆ ಏರಿಸುತ್ತಾರೆ. ಕಂಪನಿಯವರು ಬಂದು ಪರೀಕ್ಷಿಸಿ, ಎರಡೂ ದಿಕ್ಕಿನ ಲೆಕ್ಕ ಇಡುವ ಮೀಟರ್ (ನೆಟ್ ಮೀಟರ್) ಕೂರಿಸಿ ಚಾಲನೆಯ ವರದಿ ಹಾಕುತ್ತಾರೆ. ಆಗ ನೀವು ಪೋರ್ಟಲ್‌ನಲ್ಲಿ ಬ್ಯಾಂಕ್ ವಿವರ ಮತ್ತು ರದ್ದು ಮಾಡಿದ ಚೆಕ್ಕಿನ ಪ್ರತಿ ಏರಿಸಬೇಕು. 30 ದಿನದೊಳಗೆ ಸಬ್ಸಿಡಿ ಬರಬೇಕೆಂಬುದು ಯೋಜನೆಯ ಮಾತು.

ಲಾಗಿನ್ ನಿಮ್ಮ ಹೆಸರಿನಲ್ಲಿರಲಿ

ಇನ್ವರ್ಟರ್ ಕೆಳಗೆ ಬೆರಳುದ್ದದ ವೈಫೈ ಡಾಂಗಲ್ ಇರುತ್ತದೆ. ಇನ್ವರ್ಟರ್‌ನ ಲೆಕ್ಕವನ್ನು ಐದೈದು ನಿಮಿಷಕ್ಕೋ ಹಾಗೆಯೋ ಮೊಬೈಲ್ ಆ್ಯಪ್‌ಗೆ ಕಳಿಸುವುದು ಅದರ ಕೆಲಸ. ಜೋಡಿಸಲು ಬಂದ ಹುಡುಗರು ಬೇಗ ಮುಗಿಸುವ ಭರದಲ್ಲಿ ತಮ್ಮ ನಂಬರಿನಿಂದಲೇ ಖಾತೆ ತೆರೆದು, ನಿಮಗೆ ಬರೀ ನೋಡುವ ಅವಕಾಶ ಕೊಟ್ಟು ಹೋಗುತ್ತಾರೆ. ವೆಂಡರ್ ಅಂಗಡಿ ಮುಚ್ಚಿದ ದಿನ ನಿಮ್ಮ ತಾರಸಿಯ ಲೆಕ್ಕವೂ ಅವರ ಜೊತೆ ಹೋಗುತ್ತದೆ. ನಿಮ್ಮ ಮೊಬೈಲಿನಲ್ಲಿ, ನಿಮ್ಮ ನಂಬರಿನಿಂದ ಮಾಲೀಕರ ಖಾತೆ ತೆರೆಸಿ, ವೆಂಡರನ್ನು ಸೇವೆಯವರಾಗಿ ಸೇರಿಸಿಕೊಳ್ಳಿ. ಕೊನೆಯ ಕಂತಿನ ಹಣ ಕೊಡುವ ಮೊದಲು ಮಾಡಿಸಿಕೊಳ್ಳಬೇಕಾದ ಕೆಲಸ ಇದು.

ಸಾಮಾನ್ಯವಾಗಿ ಈ ಡಾಂಗಲ್‌ಗಳು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತವೆ. ರೂಟರ್ 2.4 ಮತ್ತು 5 ಎರಡನ್ನೂ ಒಂದೇ ಹೆಸರಿನಲ್ಲಿ ಬಿತ್ತರಿಸುತ್ತಿದ್ದರೆ ಜೋಡಣೆ ಪದೇ ಪದೇ ತಪ್ಪುತ್ತದೆ. ಎರಡಕ್ಕೂ ಬೇರೆ ಹೆಸರಿಡಿ. ಮುಂದೆ ರೂಟರ್ ಅಥವಾ ಪಾಸ್‌ವರ್ಡ್ ಬದಲಿಸಿದಾಗ ಡಾಂಗಲನ್ನೂ ಮತ್ತೆ ಜೋಡಿಸಬೇಕು, ಮರೆತರೆ ಆ್ಯಪ್‌ನಲ್ಲಿ ಸೊನ್ನೆ ಕಾಣುತ್ತದೆ. ರಾತ್ರಿ 'ಆಫ್‌ಲೈನ್' ಎಂದು ತೋರಿಸುವುದು ದೋಷವಲ್ಲ, ಬಿಸಿಲಿಲ್ಲದಾಗ ಇನ್ವರ್ಟರ್ ಮಲಗಿರುತ್ತದೆ. ಕರೆಂಟ್ ಹೋದಾಗ ಹಗಲಲ್ಲೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ನಿಮ್ಮ ತಾರಸಿಯಿಂದ ಶಾಕ್ ಹೊಡೆಯಬಾರದೆಂದು ಹಾಗೆ ಮಾಡಿದ್ದಾರೆ. ಬ್ಯಾಟರಿ ಇಲ್ಲದ ಸೋಲಾರ್ ಕರೆಂಟ್ ಹೋದಾಗ ದೀಪ ಉರಿಸುವುದಿಲ್ಲ ಎಂಬುದನ್ನು ಹಾಕಿಸುವ ಮೊದಲೇ ಮನೆಯವರಿಗೆಲ್ಲ ಹೇಳಿಬಿಡಿ.

ಆ್ಯಪ್ ಒಂದು ಹೇಳುತ್ತದೆ, ಬಿಲ್ ಇನ್ನೊಂದು

ಮೊದಲ ಬಿಲ್ ಬಂದ ಕೂಡಲೇ ಕೇಳಿಬರುವ ದೂರು: 'ಆ್ಯಪ್‌ನಲ್ಲಿ 402 ಯೂನಿಟ್ ಇದೆ, ಬಿಲ್ಲಿನಲ್ಲಿ ಬರೀ 265 ಕೊಟ್ಟಿದ್ದಾರೆ, ಮೋಸ.' ಮೋಸವಲ್ಲ. ಆ್ಯಪ್ ತೋರಿಸುವುದು ತಾರಸಿಯಲ್ಲಿ ಹುಟ್ಟಿದ್ದನ್ನು, ಮೀಟರ್ ತೋರಿಸುವುದು ಗೇಟು ದಾಟಿದ್ದನ್ನು.

ಏಪ್ರಿಲ್ ತಿಂಗಳಿನದೊಂದು ಮಾದರಿ ಲೆಕ್ಕ ಹೀಗೆ. ಹುಟ್ಟಿದ್ದು 402. ಹೊರಗೆ ಹೋಗಿದ್ದು (ಎಕ್ಸ್‌ಪೋರ್ಟ್) 265. ಮಿಕ್ಕ 137 ಯೂನಿಟ್ಟನ್ನು ಹಗಲಲ್ಲೇ ಫ್ರಿಜ್ಜು, ಮೋಟಾರು, ಫ್ಯಾನು ತಿಂದವು. ಮೀಟರಿಗೆ ಅವು ಕಾಣಿಸುವುದೇ ಇಲ್ಲ. ರಾತ್ರಿ ಹೊತ್ತು ಕಂಪನಿಯಿಂದ ಬಂದಿದ್ದು (ಇಂಪೋರ್ಟ್) 190. ಮನೆಯ ನಿಜವಾದ ಬಳಕೆ 137 ಮತ್ತು 190 ಸೇರಿ 327. ಬಿಲ್ಲಿಗೆ 265ರಲ್ಲಿ 190 ಕಳೆದರೆ 75 ಯೂನಿಟ್ ನಿಮ್ಮದೇ ಮಿಗುತ್ತದೆ. ಜುಲೈನಲ್ಲಿ ಇದೇ ಮನೆಯಲ್ಲಿ ಹುಟ್ಟಿದ್ದು 250, ಹೊರಗೆ ಹೋಗಿದ್ದು 140, ಒಳಗೆ ಬಂದಿದ್ದು 210 ಆದರೆ 70 ಯೂನಿಟ್ಟಿಗೆ ಬಿಲ್ ಕಟ್ಟಬೇಕು. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲದ ಇಳಿಕೆ ಇದಕ್ಕಿಂತ ಹೆಚ್ಚು.

ನೆಟ್ ಮೀಟರ್ ಇರುವ ಮನೆಯಲ್ಲಿ ವಾಷಿಂಗ್ ಮೆಷಿನ್ ಮಧ್ಯಾಹ್ನವೇ ಹಾಕಬೇಕು ಎಂಬ ಸಲಹೆಗೆ ದುಡ್ಡಿನ ಅರ್ಥವಿಲ್ಲ. ಯೂನಿಟ್ಟಿಗೆ ಯೂನಿಟ್ ವಜಾ ಆಗುವಾಗ ಹೊತ್ತು ಯಾವುದಾದರೂ ಒಂದೇ.

ಗೆರೆ ನೋಡಿ ರೋಗ ಹೇಳುವುದು

ಆ್ಯಪ್‌ನ ದಿನದ ಗ್ರಾಫ್ ಮೋಡವಿಲ್ಲದ ದಿನ ಬೋರಲು ಹಾಕಿದ ಬೋಗುಣಿಯ ಹಾಗೆ ಕಾಣಬೇಕು. 3.3 ಕಿಲೋವ್ಯಾಟ್ ಹಾಕಿಸಿ, ನೆತ್ತಿಯ ಬಿಸಿಲಲ್ಲಿ 2.6 ಮಾತ್ರ ಕಂಡರೆ ಗಾಬರಿಯಾಗಬೇಡಿ. ಪ್ಯಾನೆಲ್‌ನ ಸಾಮರ್ಥ್ಯ ಅಳೆಯುವುದು 25 ಡಿಗ್ರಿಯಲ್ಲಿ. ಅಲ್ಲಿಂದ ಏರುವ ಪ್ರತಿ ಡಿಗ್ರಿಗೆ ಸುಮಾರು 0.35% ಕಡಿಮೆಯಾಗುತ್ತದೆ. ಏಪ್ರಿಲ್ ಮಧ್ಯಾಹ್ನ ಪ್ಯಾನೆಲ್ 60 ಡಿಗ್ರಿಗೆ ಕಾದಿದ್ದರೆ ಅಲ್ಲಿಗೇ 12% ಹೋಯಿತು.

ದಿನಾ ಒಂದೇ ಹೊತ್ತಿಗೆ ಗೆರೆಯಲ್ಲಿ ಕಚ್ಚು ಬಿದ್ದರೆ ನೆರಳು. ಆ ಹೊತ್ತಿಗೆ ತಾರಸಿ ಹತ್ತಿದರೆ ಕಣ್ಣಿಗೇ ಕಾಣುತ್ತದೆ. ಇಡೀ ಬೋಗುಣಿಯೇ ಕುಗ್ಗಿದ್ದರೆ ದೂಳು. ಬಿಸಿಲೇರುವ ಮೊದಲು, ಮೆತ್ತನೆಯ ಬಟ್ಟೆಯಿಂದ, ಸಾದಾ ನೀರಿನಲ್ಲಿ ತೊಳೆಯಿರಿ. ಗಡಸು ಬೋರ್‌ವೆಲ್ ನೀರಾದರೆ ಒಣಗುವ ಮುಂಚೆ ಒರೆಸಿ. ಇಲ್ಲದಿದ್ದರೆ ಬಿಳಿ ಕಲೆ ಗಾಜಿನ ಮೇಲೆ ಕೂತು ದೂಳಿಗಿಂತ ಹೆಚ್ಚು ಕಾಡುತ್ತದೆ. ಕಾದ ಗಾಜಿಗೆ ತಣ್ಣೀರು ಎರಚಬಾರದು. ಮಳೆ ಬಿದ್ದ ಮರುದಿನ ಬೆಳಗ್ಗೆ 'ಐಸೊಲೇಶನ್' ದೋಷ (ಕರೆಂಟ್ ಸೋರಿಕೆ) ತೋರಿಸಿ, ಮಧ್ಯಾಹ್ನ ತಾನೇ ಸರಿಹೋದರೆ ಎಲ್ಲೋ ಕನೆಕ್ಟರ್‌ಗೆ ನೀರು ಇಳಿದಿದೆ, ಇಲ್ಲವೇ ಇಲಿ ತಂತಿ ಕಚ್ಚಿದೆ. ಸರಿಹೋಯಿತೆಂದು ಬಿಡಬೇಡಿ, ವೆಂಡರ್‌ಗೆ ಅಂದೇ ತಿಳಿಸಿ.

ಗ್ರಾಮೀಣ ಭಾಗದಲ್ಲಿ, ಟ್ರಾನ್ಸ್‌ಫಾರ್ಮರ್‌ನಿಂದ ದೂರದ ಮನೆಗಳಲ್ಲಿ ಹೆಚ್ಚಾಗಿ ಕಾಡುವುದು ಬೇರೆಯೇ ತೊಂದರೆ. ಬೆಳಗ್ಗೆ ಚೆನ್ನಾಗಿ ಏರಿದ ಗೆರೆ 11 ಗಂಟೆಯಿಂದ 2ರವರೆಗೆ ಬಾಚಣಿಗೆಯ ಹಲ್ಲಿನಂತೆ ಮೇಲೆ ಕೆಳಗೆ ಆಗುತ್ತದೆ. ಸೋಲಾರ್ ಹೊರಗೆ ತಳ್ಳಿದಷ್ಟೂ ತೆಳು ತಂತಿಯಲ್ಲಿ ವೋಲ್ಟೇಜ್ ಏರಿ, ಮಿತಿ ದಾಟಿದ ಕೂಡಲೇ ಇನ್ವರ್ಟರ್ ಕಳಚಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಸೇರಿಕೊಂಡು, ಮತ್ತೆ ಕಳಚುತ್ತದೆ. ಅತ್ಯುತ್ತಮ ಬಿಸಿಲಿನ ಮೂರು ಗಂಟೆ ಹೀಗೆ ವ್ಯರ್ಥ. ಮಧ್ಯಾಹ್ನ ಇನ್ವರ್ಟರ್ ಓಡುತ್ತಿರುವಾಗ ಎಲೆಕ್ಟ್ರೀಷಿಯನ್ ಕೈಯಲ್ಲಿ ಎರಡು ಕಡೆ ವೋಲ್ಟೇಜ್ ಅಳೆಸಿ: ಇನ್ವರ್ಟರ್ ಬಳಿ ಮತ್ತು ಮೀಟರ್ ಬಳಿ. ಇನ್ವರ್ಟರ್ ಬಳಿ 258, ಮೀಟರ್ ಬಳಿ 246 ಎಂದು ಬಂದರೆ ನಡುವಿನ ಕೇಬಲ್ ತೆಳು, ವೆಂಡರ್ ದಪ್ಪನೆಯದು ಹಾಕಿಕೊಡಬೇಕು. ಮೊದಲ 5 ವರ್ಷದ ನಿರ್ವಹಣೆ ಯೋಜನೆಯ ಪ್ರಕಾರ ಅವರದೇ ಹೊಣೆ. ಎರಡೂ ಕಡೆ 255ರ ಮೇಲಿದ್ದರೆ ದೋಷ ಲೈನಿನಲ್ಲಿದೆ. ಆಗ ಮೂರು ದಿನದ ಗ್ರಾಫ್, ದೋಷದ ಸಂದೇಶ, ವೋಲ್ಟೇಜ್ ಅಂಕಿ, ಮೀಟರ್ ಬೋರ್ಡಿಗೆ ಅಂಟಿಸಿದ ಆ ತಿಂಗಳುವಾರು ಪಟ್ಟಿಯ ಪ್ರತಿ ಸೇರಿಸಿ ಸೆಕ್ಷನ್ ಆಫೀಸಿನ ಜೂನಿಯರ್ ಎಂಜಿನಿಯರಿಗೆ (ಜೆಇ) ಬರಹದಲ್ಲಿ ಕೊಡಿ, ಟ್ರಾನ್ಸ್‌ಫಾರ್ಮರ್ ಟ್ಯಾಪ್ ಬದಲಿಸಿ ವೋಲ್ಟೇಜ್ ಒಂದು ಹಂತ ಇಳಿಸಿಕೊಡಿ ಎಂದು ಕೇಳಿ, ಸ್ವೀಕೃತಿಗೆ ಸೀಲು ಹಾಕಿಸಿಕೊಳ್ಳಿ.