ವಿನ್ಸ್‌ಲೋಗೆ ಹೋಗುವ ಮುನ್ನ ಮೊಬೈಲಿನ ಗಡಿಯಾರ ನೋಡಿಕೊಳ್ಳಿ

ಅರಿಜೋನಾದ ಎತ್ತರದ ಮರುಭೂಮಿಯಲ್ಲಿರುವ ಹಳೆಯ ರೈಲ್ವೆ ಪಟ್ಟಣ ವಿನ್ಸ್‌ಲೋಗೆ ಬೇಸಿಗೆಯಲ್ಲಿ ಹೊರಟವರು ಮೊಬೈಲಿನ ಸಮಯ ತಾನಾಗಿ ಬದಲಾಗುವುದನ್ನು ನಿಲ್ಲಿಸಿ, ಅರಿಜೋನಾದ ರಾಜಧಾನಿ ‘ಫೀನಿಕ್ಸ್’ನ ಸಮಯವನ್ನು ನೀವೇ ಆಯ್ದುಕೊಳ್ಳಿ. ಮಾರ್ಚ್‌ನಿಂದ ನವೆಂಬರ್‌ವರೆಗೆ ಅಮೆರಿಕದ ಹೆಚ್ಚಿನ ಕಡೆ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಅರಿಜೋನಾ ಇಡುವುದಿಲ್ಲ, ಉತ್ತರಕ್ಕಿರುವ ನವಾಹೊ ಮೂಲನಿವಾಸಿಗಳ ಸೀಮೆ ಇಡುತ್ತದೆ, ಅದರೊಳಗಿನ ಹೋಪಿ ಸೀಮೆ ಮತ್ತೆ ಇಡುವುದಿಲ್ಲ! ಆ ಕಡೆ ಸುತ್ತಾಡುವಾಗ ಯಾವ ಟವರ್ ಸಿಕ್ಕಿತೋ ಅದರಂತೆ ಮೊಬೈಲ್ ಕುಣಿಯುತ್ತದೆ. ವಿನ್ಸ್‌ಲೋದಲ್ಲಿ 1930ರ ಲಾ ಪೊಸಾದಾ ಹೋಟೆಲಿನ ಬೆನ್ನಿಗೇ ಬಂದು ನಿಲ್ಲುವ ಸೌತ್‌ವೆಸ್ಟ್ ಚೀಫ್ ರೈಲು ದಿನಕ್ಕೆ ಆ ದಿಕ್ಕಿಗೊಂದು, ಈ ದಿಕ್ಕಿಗೊಂದು ಮಾತ್ರ. ತಪ್ಪಿದರೆ ಮರುದಿನವೇ ಗತಿ. ಆದರೆ ನವಾಹೊ ಸೀಮೆಯ ಮಾನ್ಯುಮೆಂಟ್ ವ್ಯಾಲಿಗೆ ಹೋದರೆ ಈ ಉಪಾಯ ತಿರುಗಿಬೀಳುತ್ತದೆ: ಅಲ್ಲಿ ನಡೆಯುವುದು ನವಾಹೊ ಸಮಯ. ಚಳಿಗಾಲದಲ್ಲಿ ಈ ತಾಪತ್ರಯವೇ ಇಲ್ಲ.