ಪಾರ್ಶ್ವವಾಯುವಿನ ನಂತರ ಸೆಟೆದ ಕಾಲು: ಸ್ನಾಯುವಿನ ಬಿಗಿತವನ್ನು ಅಲ್ಟ್ರಾಸೌಂಡ್‌ನಲ್ಲಿ ಅಳೆಯುವ ಬಗೆ

“ಚಪ್ಪಲಿ ಕಾಲಾಗ ನಿಂದ್ರವಲ್ದು ನೋಡ್ರಿ.” ಲಕ್ವಾ ಹೊಡೆದು ಕೆಲವು ತಿಂಗಳಾದ ಮೇಲೆ ಬಾಗಲಕೋಟೆಯಲ್ಲಿ ಚಿಕಿತ್ಸೆಗೆ ಬರುವವರಿಂದ ಈ ಮಾತನ್ನು ಮತ್ತೆ ಮತ್ತೆ ಕೇಳುತ್ತೇವೆ. ಮೀನಖಂಡದ ಸ್ನಾಯು ಸೆಟೆದು, ಹಿಮ್ಮಡಿ ನೆಲಕ್ಕೆ ಊರದೆ, ಪಾದ ಕೆಳಕ್ಕೂ ಒಳಕ್ಕೂ ತಿರುಗಿಕೊಂಡಿರುತ್ತದೆ. ಇಳಕಲ್ಲಿನಲ್ಲೋ ಗುಳೇದಗುಡ್ಡದಲ್ಲೋ ಮಗ್ಗದ ಮುಂದೆ ಕುಳಿತು, ಕಾಲಿನಿಂದ ಮಣೆ ತುಳಿದು ಬದುಕು ಕಟ್ಟಿಕೊಂಡ ನೇಕಾರರಿಗೆ ಈ ಒಂದು ಸ್ನಾಯು ಮಣಿಯದಿದ್ದರೆ ದುಡಿಮೆಯೇ ನಿಂತುಹೋಗುತ್ತದೆ.

ಅಳೆಯುವ ಮೊದಲು ಏನನ್ನು ಅಳೆಯುತ್ತಿದ್ದೇವೆ ಎಂಬುದು ಸ್ಪಷ್ಟವಾಗಿರಬೇಕು. ಮಿದುಳಿನ ಹಿಡಿತ ತಪ್ಪಿದಾಗ, ಸ್ನಾಯುವನ್ನು ಎಷ್ಟು ವೇಗವಾಗಿ ಎಳೆಯುತ್ತೇವೋ ಅಷ್ಟು ಬಲವಾಗಿ ಅದು ತಿರುಗಿ ಎಳೆಯುತ್ತದೆ. 1980ರಲ್ಲಿ ನರರೋಗ ತಜ್ಞ ಜೇಮ್ಸ್ ಲ್ಯಾನ್ಸ್ ಅವರು ಸ್ಪಾಸ್ಟಿಸಿಟಿ ಎಂದು ವಿವರಿಸಿದ್ದು ಇದನ್ನೇ. ಆದರೆ ತಿಂಗಳುಗಟ್ಟಲೆ ಮುದುಡಿಯೇ ಇದ್ದ ಸ್ನಾಯು ಒಳಗಿಂದಲೂ ಬದಲಾಗುತ್ತದೆ. ಅದರ ಎಳೆಗಳು ಗಿಡ್ಡವಾಗುತ್ತವೆ, ನಡುವೆ ನಾರು ಮತ್ತು ಕೊಬ್ಬು ತುಂಬಿಕೊಳ್ಳುತ್ತವೆ. ಹೊರಗಿನಿಂದ ಎರಡೂ ಒಂದೇ ತೆರನಾದ ಬಿಗಿತವಾಗಿ ಕಂಡರೂ ಅವುಗಳ ಚಿಕಿತ್ಸೆ ಬೇರೆ ಬೇರೆ. ಅಲ್ಟ್ರಾಸೌಂಡ್ ತೋರಿಸುವುದು ಮುಖ್ಯವಾಗಿ ಎರಡನೆಯದನ್ನು, ಆದ್ದರಿಂದ ಯಂತ್ರ ಇದೆಯೆಂದು ಕೈಯಿಂದ ಮಾಡುವ ಪರೀಕ್ಷೆಯನ್ನು ಬಿಡುವುದು ದೊಡ್ಡ ತಪ್ಪು.

ಹಾಗಾಗಿ ಕೈಯಿಂದಲೇ ಆರಂಭಿಸಬೇಕು. ಮೊಣಕಾಲು ನೇರವಾಗಿರುವಾಗ ಪಾದವನ್ನು ಮೊದಲು ನಿಧಾನವಾಗಿ, ಆಮೇಲೆ ವೇಗವಾಗಿ ಮೇಲಕ್ಕೆ ಒತ್ತಿ, ಯಾವ ಕೋನದಲ್ಲಿ ತಡೆ ಸಿಕ್ಕಿತು ಎಂಬುದನ್ನು ಎರಡು ಸಲವೂ ಬರೆದಿಡಬೇಕು. ಟಾರ್ಡ್ಯೂ ಮಾಪನದ ತಿರುಳು ಇಷ್ಟೇ. ಆಸ್ಪತ್ರೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 1987ರಲ್ಲಿ ಪರಿಷ್ಕೃತಗೊಂಡ ಆಶ್ವರ್ತ್ ಮಾಪನ. ಅದರಲ್ಲಿ 0ಯಿಂದ 4ರವರೆಗೆ, 1+ ಸೇರಿ, ಆರು ದರ್ಜೆಗಳಿವೆ. ಆದರೆ ಅದು ಪರೀಕ್ಷಿಸುವವರ ಕೈಯ ಅಂದಾಜನ್ನು ನೆಚ್ಚಿಕೊಂಡಿದೆ, ಎರಡು ಬಗೆಯ ಬಿಗಿತವನ್ನು ಬೇರ್ಪಡಿಸುವುದೂ ಇಲ್ಲ.

ನಂತರ ಸ್ಕ್ಯಾನ್. ಬಸ್ಸಿಳಿದು ನಡೆದು ಬಂದವರನ್ನು ಕೂಡಲೇ ಮಂಚಕ್ಕೆ ಹತ್ತಿಸದೆ, ಹತ್ತು ನಿಮಿಷವಾದರೂ ವಿಶ್ರಾಂತಿ ಕೊಡಬೇಕು. ಚಳಿಗೆ ಬಿಗಿತ ಹೆಚ್ಚುವುದರಿಂದ ಕೊಠಡಿ ಬೆಚ್ಚಗಿರಬೇಕು. ಬೋರಲಾಗಿ ಮಲಗಿಸಿ, ಪಾದಗಳು ಮಂಚದ ಅಂಚಿನಿಂದ ಹೊರಗೆ ಇಳಿಬಿದ್ದಿರುವಂತೆ ನೋಡಿಕೊಳ್ಳಬೇಕು. “ಕಾಲು ಸಡ್ಲ ಬಿಡ್ರಿ, ನೀವೇನೂ ಮಾಡಬ್ಯಾಡ್ರಿ” ಎಂದು ಸಮಾಧಾನದಿಂದ ಹೇಳುವುದೂ ಪರೀಕ್ಷೆಯ ಭಾಗವೇ, ಏಕೆಂದರೆ ಅಂಜಿಕೆಯಿಂದ ಸ್ನಾಯು ತುಸು ಬಿಗಿಯಾದರೂ ಅಳತೆ ಏರುಪೇರಾಗುತ್ತದೆ.

ಅಳೆಯುವ ಜಾಗವನ್ನು ಟೇಪು ಹಿಡಿದೇ ಗುರುತಿಸಬೇಕು. ಮೊಣಕಾಲ ಹಿಂದಿನ ಮಡಿಕೆಯಿಂದ ಪಾದದ ಹೊರಗಿನ ಗಂಟಿನವರೆಗಿನ ಉದ್ದದಲ್ಲಿ, ಮೇಲಿನಿಂದ ಶೇ 30ರಷ್ಟು ಕೆಳಗೆ, ಒಳಬದಿಯ ಮೀನಖಂಡದ ಉಬ್ಬಿನ ಮೇಲೆ ಗುರುತು ಹಾಕುವುದು ರೂಢಿ. ಉದ್ದ 40 ಸೆಂಟಿಮೀಟರ್ ಇದ್ದರೆ ಗುರುತು 12 ಸೆಂಟಿಮೀಟರ್ ಕೆಳಗೆ ಬರುತ್ತದೆ. ಜೆಲ್ಲನ್ನು ಧಾರಾಳವಾಗಿ ಹಚ್ಚಿ, ನೇರ ಮುಖದ ಪ್ರೋಬನ್ನು (ಚರ್ಮದ ಮೇಲಿಡುವ ಯಂತ್ರದ ಹಿಡಿಕೆ) ಚರ್ಮಕ್ಕೆ ಲಂಬವಾಗಿ, ಸ್ನಾಯುವಿನ ಎಳೆಗಳ ದಿಕ್ಕಿಗೆ ಹೊಂದುವಂತೆ, ಒತ್ತದೆ ಹಿಡಿಯಬೇಕು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ: ಒತ್ತಿದರೆ ಸ್ನಾಯು ಚಪ್ಪಟೆಯಾಗಿ ದಪ್ಪ ಕಡಿಮೆ ಕಾಣುತ್ತದೆ, ಗಡಸುತನ ಹೆಚ್ಚು ಬರುತ್ತದೆ; ಓರೆಯಾಗಿ ಹಿಡಿದರೆ ಚಿತ್ರದ ಹೊಳಪೇ ಬದಲಾಗುತ್ತದೆ.

ಪರದೆಯ ಮೇಲೆ ಎರಡು ಬಿಳಿ ಗೆರೆಗಳೂ ಅವುಗಳ ನಡುವೆ ಓರೆಯಾಗಿ ಸಾಗುವ ಎಳೆಗಳೂ ಕಾಣುತ್ತವೆ. ಗೆರೆಗಳ ನಡುವಿನ ಅಂತರವೇ ಸ್ನಾಯುವಿನ ದಪ್ಪ. ಎಳೆಗಳು ಕೆಳಗಿನ ಗೆರೆಯನ್ನು ಸೇರುವ ಕೋನವನ್ನೂ ಅವುಗಳ ಉದ್ದವನ್ನೂ ಅಳೆಯಬೇಕು. ಆರೋಗ್ಯವಂತ ಸ್ನಾಯು ಕಪ್ಪಗೆ ಕಾಣುತ್ತದೆ. ನಾರು, ಕೊಬ್ಬು ತುಂಬಿದಂತೆ ಬೆಳ್ಳಗಾಗುತ್ತದೆ. ಈ ಬಿಳುಪನ್ನು 1982ರಿಂದ ಬಳಕೆಯಲ್ಲಿರುವ ಹೆಕ್‌ಮ್ಯಾಟ್ ಮಾಪನದ ನಾಲ್ಕು ದರ್ಜೆಗಳಲ್ಲಿ ಗುರುತಿಸುತ್ತಾರೆ. ನಾಲ್ಕನೆಯ ದರ್ಜೆಯಲ್ಲಿ ಸ್ನಾಯು ಎಷ್ಟು ಬೆಳ್ಳಗಿರುತ್ತದೆ ಎಂದರೆ ಅದರ ಹಿಂದಿನ ಮೂಳೆಯ ಗೆರೆಯೇ ಕಾಣಿಸುವುದಿಲ್ಲ.

ಎಲಾಸ್ಟೋಗ್ರಫಿ ಸೌಲಭ್ಯವಿರುವ ಯಂತ್ರವಾದರೆ ಗಡಸುತನವನ್ನು ಅಂಕಿಯಲ್ಲೇ ಪಡೆಯಬಹುದು. ಯಂತ್ರ ಸ್ನಾಯುವಿನೊಳಗೆ ಸಣ್ಣ ಅಲೆಯೊಂದನ್ನು ಎಬ್ಬಿಸಿ, ಅದು ಸೆಕೆಂಡಿಗೆ ಎಷ್ಟು ಮೀಟರ್ ಸಾಗಿತು ಎಂದು ಅಳೆಯುತ್ತದೆ. ಸ್ನಾಯು ಗಡಸಾದಷ್ಟೂ ಅಲೆ ವೇಗವಾಗಿ ಓಡುತ್ತದೆ. ಕೆಲವು ಯಂತ್ರಗಳು ಇದನ್ನು ಕಿಲೋಪಾಸ್ಕಲ್‌ಗೆ ಬದಲಿಸಿ ತೋರಿಸುತ್ತವೆ. ಆ ಲೆಕ್ಕದಲ್ಲಿ ವೇಗದ ವರ್ಗ ಬರುವುದರಿಂದ, ವೇಗ ಎರಡು ಪಟ್ಟಾದರೆ ಗಡಸುತನ ನಾಲ್ಕು ಪಟ್ಟು ಎಂದು ಬರುತ್ತದೆ. ವರದಿಯಲ್ಲಿ ಯಾವ ಮಾನದ ಅಂಕಿ ಇದೆ ಎಂದು ನೋಡದೆ ಹೋಲಿಸಬಾರದು. ಪಾದ ಇಳಿಬಿದ್ದಾಗ ಒಮ್ಮೆ, ಕಾಲಿಗೆ 90 ಡಿಗ್ರಿಯಲ್ಲಿ ಹಿಡಿದಾಗ ಇನ್ನೊಮ್ಮೆ, ಪ್ರತಿ ಭಂಗಿಯಲ್ಲೂ ಮೂರು ಅಳತೆ ತೆಗೆದು ಸರಾಸರಿ ಬರೆಯಬೇಕು. ಪಾದ ಅಷ್ಟು ಮೇಲೆ ಬಾರದಿದ್ದರೆ ಬಲವಂತ ಮಾಡದೆ, ಬಂದಷ್ಟು ಕೋನವನ್ನು ನಮೂದಿಸಿದರಾಯಿತು. ಇನ್ನೊಂದು ಕಾಲಿನಲ್ಲೂ ಎಲ್ಲವನ್ನೂ ಹಾಗೆಯೇ ಅಳೆಯಬೇಕು.

ಈಗ ಕೈಯ ಅಳತೆಯನ್ನೂ ಚಿತ್ರವನ್ನೂ ಜೊತೆಗಿಟ್ಟು ಓದಬೇಕು. ನಿಧಾನವಾಗಿ ಒತ್ತಿದಾಗ ಪಾದ ಪೂರ್ತಿ ಬಂದು, ವೇಗವಾಗಿ ಒತ್ತಿದಾಗ ಮಾತ್ರ ನಡುವೆ ತಡೆದು, ಚಿತ್ರದಲ್ಲಿ ಸ್ನಾಯು ಹೆಚ್ಚು ಕೆಟ್ಟಿರದಿದ್ದರೆ, ನರದ ಕಡೆಯ ಬಿಗಿತ ಮುಖ್ಯ ಎಂದರ್ಥ. ಬೊಟುಲಿನಮ್ ಟಾಕ್ಸಿನ್ ಚುಚ್ಚುಮದ್ದಿನಿಂದ ಸುಮಾರು ಮೂರು ತಿಂಗಳ ಮಟ್ಟಿಗೆ ಸಡಿಲಿಕೆಯನ್ನು ನಿರೀಕ್ಷಿಸಬಹುದು. ನಿಧಾನವಾಗಿ ಒತ್ತಿದರೂ ಪಾದ ಬಾರದೆ, ಎಳೆಗಳು ಗಿಡ್ಡವಾಗಿ, ಚಿತ್ರ ಬೆಳ್ಳಗಿದ್ದರೆ, ದುಬಾರಿ ಚುಚ್ಚುಮದ್ದೊಂದನ್ನೇ ನಂಬಿ ಮನೆಯವರನ್ನು ಸಾಲಕ್ಕೆ ನೂಕುವುದು ಸರಿಯಲ್ಲ. ಅಂಥವರಿಗೆ ಪಾದವನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡುವ ಸ್ಪ್ಲಿಂಟ್, ಹಂತ ಹಂತವಾಗಿ ಹಾಕುವ ಪ್ಲಾಸ್ಟರ್, ದೀರ್ಘಕಾಲ ಹಿಗ್ಗಿಸುವ ವ್ಯಾಯಾಮ, ಕೆಲವೊಮ್ಮೆ ಶಸ್ತ್ರಚಿಕಿತ್ಸೆಯ ಬಗ್ಗೆ ಯೋಚಿಸಬೇಕಾಗುತ್ತದೆ. ಬಹುತೇಕರಲ್ಲಿ ಎರಡೂ ಬೆರೆತಿರುತ್ತವೆ, ಹಾಗಾಗಿ ಯಾವುದರ ಪಾಲು ಎಷ್ಟು ಎಂಬುದೇ ವೈದ್ಯರು ಬಿಡಿಸಬೇಕಾದ ಲೆಕ್ಕ.

ಮನೆಗೇ ಯಂತ್ರ ತರಿಸಬಹುದೇ ಎಂದು ಕೆಲವರು ಕೇಳುತ್ತಾರೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ಪ್ರಕಾರ ಅಲ್ಟ್ರಾಸೌಂಡ್ ಯಂತ್ರಗಳು ನೋಂದಾಯಿತ ಕೇಂದ್ರಗಳಲ್ಲಿರಬೇಕು; ಸ್ನಾಯುವಿನ ಪರೀಕ್ಷೆಗೂ ಅಲ್ಲಿಗೇ ಹೋಗಬೇಕು. ಮುಂದಿನ ಸಲ ಬರುವಾಗ ಹಳೆಯ ವರದಿಯನ್ನು ತಪ್ಪದೆ ತನ್ನಿ. ಅದರಲ್ಲಿ ಪಾದದ ಕೋನ, ಗುರುತು ಹಾಕಿದ ಅಂತರ, ಯಂತ್ರದ ಹೆಸರು, ಆಳ ಮತ್ತು ಹೊಳಪಿನ ಹೊಂದಿಕೆಗಳು ನಮೂದಾಗಿವೆಯೇ ಎಂದು ಕೇಂದ್ರದಿಂದ ಹೊರಡುವ ಮೊದಲೇ ಕೇಳಿ ನೋಡಿ, ಇರದಿದ್ದರೆ ಬರೆಸಿಕೊಳ್ಳಿ.